ನೆಲ ನಡುಗಿದಾಗ ಯಾರ ಕೈ ಯಾರು ಹಿಡಿಯಬೇಕು?

ಭೂಕಂಪ ಅಂದ್ರೆ ಗುಜರಾತಿನಲ್ಲಿ, ಹಿಮಾಲಯದಲ್ಲಿ ಆಗುವಂಥದ್ದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಅದು ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಗೇ ಬಂದರೆ? ಆ ಹತ್ತು ಸೆಕೆಂಡಿನಲ್ಲಿ ನಾವು ಏನು ಮಾಡುತ್ತೇವೆ? ಅದಕ್ಕಿಂತ ಮುಖ್ಯವಾಗಿ, ಏನನ್ನು ಮರೆಯುತ್ತೇವೆ?

ಅವತ್ತು 2022ರ ಜುಲೈ 9, ಶನಿವಾರ. ಮರುದಿನವೇ ಆಷಾಢ ಏಕಾದಶಿ, ಬಕ್ರೀದ್ ಕೂಡ ಅದೇ ದಿನ. ಹೀಗಾಗಿ ವಿಜಯಪುರದ ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಏನಾದರೊಂದು ತಯಾರಿ. ನಮ್ಮ ಮನೆಯವರು ಡ್ಯೂಟಿ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ನಾನು, ಆರು ವರ್ಷದ ಮಗಳು, ಅತ್ತೆ, ಮೂರೇ ಜನ. ಅತ್ತೆಗೆ ಸೊಂಟದ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬಂದರೆ ಅದೇ ದೊಡ್ಡದು.

ಸಮಯ 6 ಗಂಟೆ 22 ನಿಮಿಷ. ಇದು ಆಮೇಲೆ ಟಿ.ವಿ. ನೋಡಿ ಗೊತ್ತಾದದ್ದು. ಒಲೆಯ ಮೇಲೆ ಹಾಲಿಟ್ಟು, ಚಹಾಪುಡಿ ಡಬ್ಬಿ ತೆಗೆಯುತ್ತಿದ್ದೆ. ಕೆಳಗೆ ಲೋಡ್ ಲಾರಿ ಹೋದ ಹಾಗೆ ಗುಡುಗುಡು ಸದ್ದು. ‘ಇಷ್ಟು ಸಣ್ಣ ಓಣಿಯಾಗ ಯಾವ ಲಾರಿ ಬಂತಪ್ಪಾ’ ಅಂದುಕೊಳ್ಳುವಷ್ಟರಲ್ಲಿ ಸ್ಟ್ಯಾಂಡಿನಲ್ಲಿದ್ದ ತಾಟು, ಲೋಟಗಳೆಲ್ಲ ಜಲಜಲ ಅಂದವು. ಕಾಲ ಕೆಳಗಿನ ನೆಲ ಜೋಲಿ ಹೊಡೆದಂತಾಯಿತು. ತಲೆ ಸುತ್ತುತ್ತಿದೆಯಾ, ಬಿ.ಪಿ. ಏರಿತಾ ಅಂತ ನೋಡಿದರೆ ಗೋಡೆಯ ಕ್ಯಾಲೆಂಡರ್ ಅಲುಗುತ್ತಿದೆ!

ಮುಂದೆ ಏನು ಮಾಡಿದೆ ಎಂಬುದು ನನಗೆ ತುಂಡು ತುಂಡಾಗಿ ನೆನಪಿದೆ. ಮಲಗಿದ್ದ ಮಗಳನ್ನು ಎತ್ತಿಕೊಂಡೆ. ಬರಿಗಾಲಲ್ಲೇ ಮೆಟ್ಟಿಲು ಇಳಿದೆ. ಕೆಳಗೆ ಬಂದಾಗ ಓಣಿಗೆ ಓಣಿಯೇ ರಸ್ತೆಯಲ್ಲಿತ್ತು. ನೈಟಿಯಲ್ಲಿದ್ದವರು, ಬಾಯಲ್ಲಿ ಬ್ರಷ್ ಇಟ್ಟುಕೊಂಡವರು, ಅಳುವ ಮಕ್ಕಳು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ‘ನಿಮಗೂ ಗೊತ್ತಾತೇನ್ರಿ?’ ‘ನಮ್ಮ ಪಲ್ಲಂಗ ಸರೀತ್ರಿ!’ ನಾನೂ ನನ್ನ ಲೋಟದ ಕಥೆ ಹೇಳುತ್ತಾ ನಿಂತೆ. ಎಷ್ಟು ಹೊತ್ತು? ಹತ್ತು ನಿಮಿಷ ಆಗಿರಬಹುದು.

ಆಗ ಕೆಳಗಿನ ಮನೆಯ ಭಾಭಿ ನನ್ನ ಮುಖ ನೋಡಿ ಕೇಳಿದರು: ‘ಅಕ್ಕಾರೀ, ನಿಮ್ಮತ್ತಿಯವರು ಎಲ್ಲಿ?’

ಗೆಳತಿಯರೇ, ಅವತ್ತು ಭೂಮಿ ನಡುಗಿದಾಗ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಆ ಪ್ರಶ್ನೆ ಕೇಳಿದಾಗ ಆಯಿತು.

ಹಾಲು ಉಕ್ಕಿತ್ತು, ಉರಿ ಆರಿತ್ತು

ಮಗಳನ್ನು ಭಾಭಿಯ ಕೈಗೆ ಕೊಟ್ಟು ಮೇಲೆ ಓಡಿದೆ. ಬಾಗಿಲು ದಾಟಿದರೆ ಗ್ಯಾಸ್ ವಾಸನೆ. ಹಾಲು ಉಕ್ಕಿ ಚೆಲ್ಲಿ ಒಲೆ ಆರಿಹೋಗಿತ್ತು, ಬರ್ನರ್ ಮಾತ್ರ ಬುಸ್ ಅನ್ನುತ್ತಿತ್ತು. ಮೋಡ ಕವಿದ ಬೆಳಗು, ಅಡುಗೆಮನೆಯಲ್ಲಿ ಮಬ್ಬು. ಅಭ್ಯಾಸಬಲ ನೋಡಿ, ನನ್ನ ಕೈ ಸೀದಾ ಲೈಟಿನ ಸ್ವಿಚ್ಚಿಗೆ ಹೋಯಿತು.

‘ಲೈಟ್ ಹಚ್ಚಬ್ಯಾಡ! ಮೊದ್ಲ ಕಿಡಕಿ ತಗಿ!’

ಒಳಗಿನ ಕೋಣೆಯಿಂದ ಅತ್ತೆ ಕೂಗಿದರು. ಅವರು ಮಂಚದ ಮೇಲೇ ಇದ್ದರು. ತಲೆಯ ಮೇಲೆ ದಿಂಬು ಇಟ್ಟುಕೊಂಡು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದರು. ನಾನು ಒಲೆಯ ಗುಂಡಿ ತಿರುವಿ, ರೆಗ್ಯುಲೇಟರ್ ಬಂದ್ ಮಾಡಿ, ಇದ್ದ ಕಿಟಕಿಗಳನ್ನೆಲ್ಲ ತೆರೆದೆ. ವಾಸನೆ ಪೂರ್ತಿ ಹೋಗುವವರೆಗೆ ಒಂದೂ ಸ್ವಿಚ್ ಮುಟ್ಟಲಿಲ್ಲ. ಆಮೇಲೆ ಅತ್ತೆಯ ಕಾಲ ಬಳಿ ಕೂತು ಅತ್ತುಬಿಟ್ಟೆ. ಅವರು ಕೇಳಿದ್ದು ಇಷ್ಟೇ: ‘ಗೋಳಗುಮ್ಮಟಕ್ಕ ಏನೂ ಆಗಿಲ್ಲಲ್ಲ?’

ಅವತ್ತಿನ ಕಂಪನ ರಿಕ್ಟರ್ ಮಾಪಕದಲ್ಲಿ 4.4 ಎಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಿಳಿಸಿತು. ನಮ್ಮ ಮನೆಯ ಒಂದು ಲೋಟವೂ ಕೆಳಗೆ ಬಿದ್ದಿರಲಿಲ್ಲ. ಆದರೆ ಆ ಸ್ವಿಚ್ ಒತ್ತಿದ್ದರೆ? ಅಂದರೆ ನಮ್ಮ ಮನೆಗೆ ಅಪಾಯ ತಂದದ್ದು ಭೂಕಂಪವಲ್ಲ, ನಾನು ಓಡಿದ ಓಟ.

‘ನಾನೂ ಓಡಿದ್ದೆ’

ಆ ದಿನವಿಡೀ ಊಟ ಸೇರಲಿಲ್ಲ. ಅತ್ತೆಯ ಮುಖ ನೋಡಲು ನಾಚಿಕೆ. ಬೇಕಂತಲೇ ಬಿಟ್ಟು ಹೋದೆ ಅಂತ ತಿಳಿದುಕೊಂಡರೋ ಏನೋ ಎಂಬ ಸಂಕಟ. ರಾತ್ರಿ ಮಾತ್ರೆ ಕೊಡಲು ಹೋದಾಗ ಅವರೇ ಕೈ ಹಿಡಿದು ಕೂರಿಸಿಕೊಂಡರು.

‘ಕಿಲ್ಲಾರಿ ಭೂಕಂಪ ಆತಲ್ಲ, ಅವತ್ತು ನಾನೂ ಓಡಿದ್ದೆ ಬೇ’ ಅಂದರು. ‘ಗಣಪ್ಪನ ಕಳಿಸಿ ಬಂದು ಮಲಗಿದ್ವಿ. ನಸುಕಿನ್ಯಾಗ ಮನಿ ಅಳ್ಳಾಡಿತು. ನಿನ್ನ ಗಂಡನ್ನ ಬಗಲಾಗ ಎತ್ಕೊಂಡು ಅಂಗಳಕ್ಕ ಹಾರಿದೆ. ನಮ್ಮತ್ತಿಗೆ ಕಣ್ಣು ಕಾಣ್ತಿದ್ದಿಲ್ಲ. ಅವರು ಗ್ವಾಡಿ ಹಿಡ್ಕೊಂಡು ತಾವ ಹೊರಗ ಬಂದ್ರು. ಅವರೂ ಏನೂ ಅನ್ಲಿಲ್ಲ, ನಾನೂ ಹೇಳ್ಲಿಲ್ಲ. ಇವತ್ತ ಹೇಳಾಕತ್ತೀನಿ.’

ಇಪ್ಪತ್ತೊಂಬತ್ತು ವರ್ಷ ಆ ಹೆಣ್ಣುಮಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ತಾಯಿಯಾದವಳ ಕೈ ಮೊದಲು ಮಗುವಿನ ಕಡೆಗೇ ಹೋಗುತ್ತದೆ. ಅದು ತಪ್ಪಲ್ಲ, ಸ್ವಭಾವ. ಆ ಕ್ಷಣದಲ್ಲಿ ಯೋಚನೆ ಮಾಡಲು ಸಮಯವೇ ಇರುವುದಿಲ್ಲ. ಅದಕ್ಕೇ ಆ ಯೋಚನೆಯನ್ನು ಮೊದಲೇ ಮಾಡಿಟ್ಟಿರಬೇಕು.

ತಿಳವಳ್ಳಿಯ ಅಜ್ಜಿ ಮಾಡಿದ್ದ ಲೆಕ್ಕ

ಮರುದಿನ ತವರಿನಿಂದ ಅಪ್ಪನ ಫೋನ್. ನನ್ನ ತವರು ಹಾವೇರಿ ಜಿಲ್ಲೆ ಹಾನಗಲ್ಲ ತಾಲ್ಲೂಕಿನ ತಿಳವಳ್ಳಿ. ಭತ್ತದ ಗದ್ದೆ, ಹೆಂಚಿನ ಮನೆಗಳ ಊರು. ‘ನಮ್ಮೂರಾಗ ಭೂಕಂಪ ಎಲ್ಲಿಂದ ಬರಬೇಕು ಬಿಡಪ್ಪಾ’ ಎಂದೆ. ಅಪ್ಪ ನಕ್ಕರು. ‘ನಾ ಹತ್ತು ವರ್ಷದಾಂವ ಇದ್ದಾಗ ಬಂದಿತ್ತಲ್ಲ!’

ಅದು 1967ರ ಡಿಸೆಂಬರ್ 11ರ ನಸುಕು, ಸುಮಾರು ನಾಲ್ಕೂ ಇಪ್ಪತ್ತು. ಸುಗ್ಗಿಯ ಕಾಲ. ದೊಡ್ಡವರು ಭತ್ತ ಕಾಯಲು ಕಣದಲ್ಲಿ ಮಲಗಿದ್ದರು. ಮನೆಯಲ್ಲಿ ಅಜ್ಜಿ, ವಯಸ್ಸಾದ ಮುತ್ತಜ್ಜ ಮತ್ತು ಮಕ್ಕಳು. ನಾಗೊಂದಿಗೆಯ ಮೇಲಿದ್ದ ಹಿತ್ತಾಳೆ ಪಾತ್ರೆಗಳು ಗಲಗಲ ಅಂದವಂತೆ. ಬೆಕ್ಕು ಇರಬೇಕೆಂದು ಅಜ್ಜಿ ‘ಹಚಾ’ ಅಂದರಂತೆ. ಅಷ್ಟರಲ್ಲಿ ದನಗಳು ಕೂಗಿಕೊಂಡವು, ಕಂದೀಲು ತೂಗಾಡಿತು. ಮಹಾರಾಷ್ಟ್ರದ ಕೊಯ್ನಾ ಎಂಬಲ್ಲಿ ಭೂಕಂಪವಾಗಿದೆ ಎಂಬುದು ಆಮೇಲೆ ಪೇಪರು ಓದಿದವರು ಹೇಳಿದ ಮೇಲೆ ತಿಳಿಯಿತು.

ಕೊಯ್ನಾನಗರ ತಿಳವಳ್ಳಿಗೆ ಸುಮಾರು 350 ಕಿಲೋಮೀಟರ್ ದೂರ. ಅಲ್ಲಿ ಸುಮಾರು 180 ಜನ ಸತ್ತಿದ್ದರು. 1962ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದ ಕೊಯ್ನಾ ಜಲಾಶಯದ ಭಾರ ಮತ್ತು ಬಂಡೆಯ ಬಿರುಕಿಗೆ ಇಳಿದ ನೀರಿನ ಒತ್ತಡ, ಇವೇ ಆ ಭೂಕಂಪವನ್ನು ಎಬ್ಬಿಸಿದವು ಎಂಬುದು ವಿಜ್ಞಾನಿಗಳ ವಿವರಣೆ. ಇಂಥ ಭೂಕಂಪಗಳ ಮಾತು ಬಂದಾಗೆಲ್ಲ ಇಂದಿಗೂ ಜಗತ್ತಿನಾದ್ಯಂತ ಕೊಯ್ನಾ ಹೆಸರು ಬರುತ್ತದೆ.

ಅದೆಲ್ಲ ಅಜ್ಜಿಗೆ ಎಲ್ಲಿ ಗೊತ್ತಿತ್ತು? ಆಕೆ ಒಂದು ಅಕ್ಷರ ಓದಿದವಳಲ್ಲ. ಆದರೆ ಅವತ್ತು ಸಂಜೆಯೇ ಮಕ್ಕಳನ್ನು ಸಾಲಾಗಿ ಕೂರಿಸಿ ಲೆಕ್ಕ ಹಾಕಿದಳಂತೆ: ‘ದೊಡ್ಡಾಕಿ ಸಣ್ಣಾಕೀನ ಎತ್ಕೋಬೇಕು. ನಡುವಿನಾಂವ ಮುತ್ತಜ್ಜನ ಕೈ ಹಿಡೀಬೇಕು. ನಾ ಒಲಿ ನೋಡ್ತೀನಿ. ಎಲ್ಲಾರೂ ಕಣದಾಗ ಕೂಡಬೇಕು. ಅಲ್ಲಿ ತಲಿ ಎಣಿಸ್ತೀನಿ.’

‘ನಡುವಿನಾಂವ ಅಂದ್ರ ನಾನು’ ಎಂದರು ಅಪ್ಪ. ‘ಮುತ್ತಜ್ಜ ಇರೋತನಕ ರಾತ್ರಿ ಏನಾರ ಸಪ್ಪಳ ಆದ್ರ ಸಾಕು, ಮೊದಲ ನನ್ನ ಕೈ ಅವನ ಕೈ ಹುಡುಕ್ತಿತ್ತು.’

ನೋಡಿದಿರಾ? ಎಲ್ಲರೂ ‘ಹುಷಾರಾಗಿರಿ’ ಅನ್ನುತ್ತಾರೆ. ಅಜ್ಜಿ ಮಾತ್ರ ಯಾರಿಗೆ ಯಾರು ಅಂತ ಹೆಸರು ಹಿಡಿದು ಹಂಚಿಕೊಟ್ಟಳು. ನಮ್ಮ ಮನೆಯಲ್ಲಿ ಇಲ್ಲದೇ ಹೋದದ್ದು ಅದೇ.

ನಮ್ಮ ಕಡೆ ಬರೋದಿಲ್ಲ ಅನ್ನಬೇಡಿ

1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಅಲ್ಲಿನವರೂ ಹೀಗೇ ಅಂದುಕೊಂಡಿದ್ದರು. ಆಗಿನ ಭೂಕಂಪ ನಕಾಶೆಯಲ್ಲಿ ಅದು ಅತಿ ಕಡಿಮೆ ಅಪಾಯದ ಒಂದನೇ ವಲಯ. ಆದರೂ ತೀವ್ರತೆ 6.2. ಸತ್ತವರು 9 ಸಾವಿರಕ್ಕೂ ಹೆಚ್ಚು. 2002ರಲ್ಲಿ ನಕಾಶೆ ಪರಿಷ್ಕರಿಸಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಿ ಎರಡನೆಯದಕ್ಕೆ ಸೇರಿಸಿದರು. ಕರ್ನಾಟಕ ಆ ನಕಾಶೆಯಲ್ಲಿ ಎರಡು ಮತ್ತು ಮೂರನೇ ವಲಯದಲ್ಲಿತ್ತು. ಅಂದರೆ ಭಯಪಡುವಷ್ಟೂ ಇಲ್ಲ, ಮರೆಯುವಷ್ಟೂ ಇಲ್ಲ.

ಇತ್ತೀಚಿನದ್ದೂ ನೋಡಿ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಕಂಪನ. ಅಕ್ಟೋಬರ್ 11ರ ರಾತ್ರಿಯದು 4.1. ಜನ ಮನೆಯೊಳಗೆ ಮಲಗಲು ಹೆದರಿ ಹೊರಗೇ ರಾತ್ರಿ ಕಳೆದರು. 2022ರ ಜೂನ್ ಕೊನೆಯಲ್ಲಿ ಕೊಡಗು, ದಕ್ಷಿಣ ಕನ್ನಡದ ಗಡಿಯ ಸಂಪಾಜೆ, ಚೆಂಬು ಸುತ್ತಮುತ್ತ ಇದೇ ಕಥೆ. ಅದಾದ ಹತ್ತೇ ದಿನಕ್ಕೆ ನಮ್ಮ ವಿಜಯಪುರ.

ಸಮಾಧಾನದ ಮಾತೂ ಇದೆ. ರಿಕ್ಟರ್ ಲೆಕ್ಕದಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಕಿಲ್ಲಾರಿಯ ಶಕ್ತಿಯ ಎದುರು ನಮ್ಮ 4.4 ಸುಮಾರು ಐನೂರರಲ್ಲಿ ಒಂದು ಪಾಲು ಅಷ್ಟೇ. ಸಣ್ಣದು ಬಂದು ಹೋದರೆ ಹೆದರಬೇಡಿ. ದೊಡ್ಡದಕ್ಕೆ ಒಂದು ತಾಲೀಮು ಸಿಕ್ಕಿತು ಅಂದುಕೊಳ್ಳಿ.

ಆ ಗುಡುಗುಡು ಸದ್ದು ಯಾಕೆ?

ಭೂಮಿಯೊಳಗೆ ಬಂಡೆ ಜಾರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ವೇಗದ್ದು. ಲಾರಿ ಬಂದಂಥ ಸದ್ದು, ಸಣ್ಣ ಕುಲುಕು ಅದರದು. ಹಿಂದೆ ಬರುವ ಎರಡನೆಯದು ನಿಧಾನ, ಆದರೆ ನೆಲವನ್ನು ಜೋರಾಗಿ ಅಲುಗಿಸುವುದು ಅದೇ. ಮಿಂಚು ಕಂಡ ಮೇಲೆ ಗುಡುಗು ಕೇಳುವ ಹಾಗೆ. ಎರಡರ ನಡುವೆ ಒಂದು ಸೆಕೆಂಡ್ ಅಂತರವಿದ್ದರೆ ಭೂಕಂಪ ಸುಮಾರು 8 ಕಿಲೋಮೀಟರ್ ದೂರದಲ್ಲಾಗಿದೆ ಎಂದು ಅಂದಾಜು. ನಮ್ಮ ಕೈಗೆ ಸಿಗುವ ಎಚ್ಚರಿಕೆ ಇಷ್ಟೇ: ಕೆಲವು ಸೆಕೆಂಡು. ಅಷ್ಟರಲ್ಲಿ ಎರಡು ಮಹಡಿ ಇಳಿಯಲು ಆಗುವುದಿಲ್ಲ. ಆದರೆ ಮೇಜಿನ ಕೆಳಗೆ ಹೋಗಲು ಖಂಡಿತ ಆಗುತ್ತದೆ.

ನಡುಗುತ್ತಿರುವಾಗ ಏನು ಮಾಡಬೇಕು?

ಮೂರೇ ಮಾತು: ಕೂರಿ, ಮರೆಯಾಗಿ, ಹಿಡಿದುಕೊಳ್ಳಿ. ಮೊಣಕಾಲೂರಿ ಕೂತುಬಿಡಿ. ಗಟ್ಟಿಯಾದ ಮೇಜಿನ ಕೆಳಗೆ ಸೇರಿ ತಲೆ, ಕತ್ತು ಮುಚ್ಚಿಕೊಳ್ಳಿ. ಮೇಜಿನ ಕಾಲು ಹಿಡಿದುಕೊಳ್ಳಿ, ಅದು ಸರಿದರೆ ನೀವೂ ಸರಿಯಿರಿ.

* ಮೇಜು ಇಲ್ಲದಿದ್ದರೆ ಶೋಕೇಸ್, ಕನ್ನಡಿ, ಫ್ರಿಜ್, ಕಿಟಕಿ ಗಾಜಿನಿಂದ ದೂರ, ಒಳಗೋಡೆಯ ಪಕ್ಕ ಕೂತು ಕೈಗಳಿಂದ ತಲೆ ಮುಚ್ಚಿಕೊಳ್ಳಿ.

* ಮಗು ಜೊತೆಗಿದ್ದರೆ ಅದನ್ನು ಎದೆಯ ಕೆಳಗೆ ಇಟ್ಟುಕೊಂಡು ನೀವು ಮೇಲೆ ಬಾಗಿ.

* ಹಾಸಿಗೆಯಲ್ಲಿದ್ದರೆ ಅಲ್ಲೇ ಇದ್ದು ತಲೆಯ ಮೇಲೆ ದಿಂಬು ಹಿಡಿಯಿರಿ. ನಡೆಯಲಾಗದ ಹಿರಿಯರಿಗೂ ಇದೇ ಸರಿ. ನಮ್ಮತ್ತೆ ಯಾರೂ ಹೇಳಿಕೊಡದೆ ಮಾಡಿದ್ದೂ ಇದನ್ನೇ! ಗಾಲಿ ಕುರ್ಚಿಯಲ್ಲಿ ಇರುವವರು ಚಕ್ರದ ಬ್ರೇಕ್ ಹಾಕಿ, ಮುಂದಕ್ಕೆ ಬಾಗಿ ತಲೆ ಮುಚ್ಚಿಕೊಳ್ಳಬೇಕು.

* ಒಲೆ ಕೈಗೆ ಸಿಗುವಷ್ಟು ಹತ್ತಿರವಿದ್ದರೆ ಗುಂಡಿ ತಿರುವಿ ಕೂತುಬಿಡಿ. ಇಲ್ಲವಾದರೆ ನಡುಕ ನಿಂತ ಮೇಲೆ ನೋಡಿಕೊಂಡರಾಯಿತು. ಕುದಿಯುವ ಎಣ್ಣೆ, ಹಾಲಿನಿಂದ ಮಾತ್ರ ದೂರ ಸರಿಯಿರಿ.

* ಮೆಟ್ಟಿಲು, ಲಿಫ್ಟ್ ಎರಡೂ ಬೇಡ. ಹೊಸ್ತಿಲ ಬಳಿ ನಿಲ್ಲಬೇಕು ಅನ್ನುವುದು ಹಳೆಯ ಮಾತು. ಈಗಿನ ಮನೆಗಳಲ್ಲಿ ಬಾಗಿಲ ಚೌಕಟ್ಟು ಉಳಿದ ಜಾಗಕ್ಕಿಂತ ಗಟ್ಟಿಯೇನಲ್ಲ, ಕದ ಬಡಿದು ಪೆಟ್ಟಾಗುವುದೇ ಹೆಚ್ಚು.

* ಹೊರಗಿದ್ದರೆ ಕಟ್ಟಡ, ಕರೆಂಟ್ ಕಂಬ, ತಂತಿಗಳಿಂದ ದೂರ ಬಯಲಿಗೆ ಸರಿಯಿರಿ. ಸ್ಕೂಟಿ, ಕಾರಿನಲ್ಲಿದ್ದರೆ ಬದಿಗೆ ನಿಲ್ಲಿಸಿ. ಸೇತುವೆಯ ಮೇಲೆ, ಕೆಳಗೆ ಬೇಡ.

ಒಂದು ಮಾತು ಬೇರೆ ಇದೆ. ನೀವು ಮಣ್ಣಿನ ಮಾಳಿಗೆಯ ಹಳೇ ಕಲ್ಲುಮನೆಯ ನೆಲ ಅಂತಸ್ತಿನಲ್ಲಿ, ಬಾಗಿಲ ಬಳಿಯೇ ಇದ್ದು ಎರಡು ಹೆಜ್ಜೆಗೆ ಬಯಲು ಸಿಗುವುದಾದರೆ ಹೊರಗೆ ಬರುವುದೇ ಮೇಲು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ನಡುಕಕ್ಕಿಂತ ಹೆಚ್ಚಾಗಿ ಮನೆಗಳೇ. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಅದು ಮಲಗಿದ್ದವರ ಮೇಲೇ ಕುಸಿಯಿತು.

ನಿಂತ ಮೇಲೆ

ಮೊದಲು ಕಾಲಿಗೆ ಚಪ್ಪಲಿ. ಒಡೆದ ಗಾಜು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಗ್ಯಾಸ್. ಅಡುಗೆ ಅನಿಲ ಗಾಳಿಗಿಂತ ಭಾರ, ಅದು ಕೆಳಗೇ ತುಂಬಿಕೊಳ್ಳುತ್ತದೆ. ವಾಸನೆ ಬಂದರೆ ಕಡ್ಡಿ ಗೀರಬೇಡಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಎಕ್ಸಾಸ್ಟ್ ಫ್ಯಾನ್ ಕೂಡ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ. ಪೆಟ್ಟಾಗಿದ್ದರೆ, ಬೆಂಕಿ ಹತ್ತಿದ್ದರೆ 112.

ಆಮೇಲೆ ಎಲ್ಲರನ್ನೂ ಕರೆದುಕೊಂಡು ಮೆಟ್ಟಿಲಿನಲ್ಲಿ ನಿಧಾನವಾಗಿ ಇಳಿದು ಬಯಲಿಗೆ ಬನ್ನಿ. ಮರುಕಂಪನಗಳು ಬರಬಹುದು. ಗೋಡೆಯಲ್ಲಿ, ತೊಲೆಯಲ್ಲಿ ಹೊಸ ಬಿರುಕು ಕಂಡರೆ ತಿಳಿದವರು ನೋಡುವವರೆಗೆ ಒಳಗೆ ಮಲಗಬೇಡಿ.

ಇನ್ನು ವಾಟ್ಸಾಪ್. ‘ಇವತ್ತು ರಾತ್ರಿ ಎರಡಕ್ಕೆ ಇನ್ನೂ ದೊಡ್ಡದು ಬರುತ್ತೆ’ ಎಂಬ ಮೆಸೇಜ್ ನನಗೂ ಬಂತು. ಭೂಕಂಪ ಇಂಥ ದಿನ, ಇಂಥ ಗಂಟೆಗೆ ಬರುತ್ತದೆ ಎಂದು ಜಗತ್ತಿನ ಯಾವ ವಿಜ್ಞಾನಿಯೂ ಹೇಳಲಾರ. ಗಂಟೆ ಹೇಳಿದ ಮೆಸೇಜ್ ಸುಳ್ಳು ಎಂದೇ ತಿಳಿಯಿರಿ. ಮುಂದಕ್ಕೆ ಕಳಿಸಬೇಡಿ.

ಮನಸ್ಸಿನ ನಡುಕ ನಿಲ್ಲುವುದು ಯಾವಾಗ?

ನೆಲ ಕೆಲವೇ ಸೆಕೆಂಡಿನಲ್ಲಿ ಸುಮ್ಮನಾಯಿತು. ಆದರೆ ನಮ್ಮ ಮನೆಯಲ್ಲಿ ಎಷ್ಟೋ ದಿನ ಸುಮ್ಮನಾಗಲಿಲ್ಲ. ಕೂತಲ್ಲೇ ಅಲುಗಿದ ಹಾಗೆ ಆಗುವುದು, ಮಿಕ್ಸಿ ಸದ್ದಿಗೂ ಎದೆ ಝಲ್ ಅನ್ನುವುದು, ಬಚ್ಚಲಿಗೆ ಹೋಗಲೂ ಹೆದರಿಕೆ. ಮಗಳಂತೂ ಮಲಗುವಾಗ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದಳು. ಮೊದಲ ಸಲ ಭೂಕಂಪ ಅನುಭವಿಸಿದ ಬಹಳ ಜನರಿಗೆ ಹೀಗಾಗುತ್ತದೆ. ನಿಮಗೇನೋ ಆಗಿದೆ ಅಂತ ಗಾಬರಿ ಬೇಡ.

ಮಕ್ಕಳಿಗೆ ‘ಏನಿಲ್ಲ ಸುಮ್ನಿರು’ ಎನ್ನಬೇಡಿ. ಏನೋ ಆಗಿದೆ ಅಂತ ಅವಕ್ಕೂ ಗೊತ್ತು. ‘ಹೌದು, ನನಗೂ ಹೆದರಿಕೆ ಆಗಿತ್ತು. ಮುಂದೆ ಬಂದರೆ ಏನು ಮಾಡಬೇಕು ಅಂತ ಈಗ ನಮಗೆ ಗೊತ್ತಿದೆ’ ಅನ್ನಿ. ಚಿತ್ರ ಬರೆಯುತ್ತವೆಯೇ, ಬರೆಯಲಿ. ಹತ್ತು ಸಲ ಅದೇ ಪ್ರಶ್ನೆ ಕೇಳುತ್ತವೆಯೇ, ಹತ್ತು ಸಲವೂ ಉತ್ತರಿಸಿ. ಟಿ.ವಿ.ಯಲ್ಲಿ ಬಿದ್ದ ಕಟ್ಟಡಗಳ ದೃಶ್ಯ ಮತ್ತೆ ಮತ್ತೆ ತೋರಿಸಬೇಡಿ. ತಿಂಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಗೆ (14416) ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ನನ್ನಂತೆ ಯಾರನ್ನಾದರೂ ಒಳಗೆ ಬಿಟ್ಟು ಓಡಿದ್ದೀರಾ? ಆ ಸಂಕಟವನ್ನು ಒಳಗೇ ಇಟ್ಟುಕೊಳ್ಳಬೇಡಿ. ಬಿಟ್ಟು ಬಂದವರ ಹತ್ತಿರವೇ ಹೋಗಿ ಹೇಳಿಬಿಡಿ. ನಮ್ಮತ್ತೆಗೆ ಹೇಳಲು ಇಪ್ಪತ್ತೊಂಬತ್ತು ವರ್ಷ ಬೇಕಾಯಿತು, ಅಷ್ಟರಲ್ಲಿ ಕೇಳಬೇಕಾದವರೇ ಇರಲಿಲ್ಲ.

ಪಂಚಮಿಗೆ ತವರಿಗೆ ಹೋದಾಗ

ಆಗಸ್ಟ್ 2ಕ್ಕೆ ನಾಗರ ಪಂಚಮಿ. ಅತ್ತೆಯನ್ನು ನಾದಿನಿ ನೋಡಿಕೊಂಡರು, ನಾನು ಮಗಳ ಜೊತೆ ತಿಳವಳ್ಳಿಗೆ ಹೋದೆ. ಹುಟ್ಟಿ ಬೆಳೆದ ಮನೆಯನ್ನು ಅದೇ ಮೊದಲ ಸಲ ಬೇರೆ ಕಣ್ಣಿನಿಂದ ನೋಡಿದೆ. ಅವ್ವ ಮಲಗುವ ಮಂಚದ ನೇರ ಮೇಲೆ ಅಟ್ಟ, ಅಟ್ಟದ ತುದಿಯಲ್ಲಿ ತಾಮ್ರದ ಹಂಡೆ! ‘ನಲವತ್ತು ವರ್ಷದಿಂದ ಅಲ್ಲೇ ಐತಿ, ಎಂದಾರ ಬಿದ್ದೈತೇನು?’ ಅಂದರು ಅವ್ವ. ಅಪ್ಪ ಮಾತಾಡಲಿಲ್ಲ, ಏಣಿ ತಂದರು. ಹಂಡೆ ಕೆಳಗಿಳಿಯಿತು. ನಾಗೊಂದಿಗೆಯ ಹಿತ್ತಾಳೆ ಕೊಡಗಳೂ ಇಳಿದವು.

ನೀವೂ ಒಮ್ಮೆ ನಿಮ್ಮ ಮನೆಯಲ್ಲಿ ಮಲಗುವ ಜಾಗದಲ್ಲೇ ಮಲಗಿ ಮೇಲೆ ನೋಡಿ. ತಲೆಯ ಮೇಲೆ ಏನಿದೆ? ಸೂಟ್‌ಕೇಸು, ದೊಡ್ಡ ಫೋಟೋ, ಕುಕ್ಕರ್ ಪೆಟ್ಟಿಗೆ? ಭಾರದ್ದೆಲ್ಲ ಕೆಳಗಿನ ಹಲಗೆಗೆ ಬರಲಿ. ಅಲ್ಮೇರಾ, ಶೋಕೇಸನ್ನು ಗೋಡೆಗೆ ಕ್ಲ್ಯಾಂಪ್ ಹಾಕಿಸಿ ಬಿಗಿಸಿ. ತುಂಬಿದ ಸಿಲಿಂಡರ್ ನೆಟ್ಟಗೆ ನಿಂತಿರಲಿ, ಉರುಳದ ಹಾಗೆ ಸರಪಳಿ ಹಾಕಿ. ಬಾಗಿಲ ದಾರಿಯಲ್ಲಿ ಚೀಲ, ಸ್ಟೂಲು ಇಡಬೇಡಿ.

ಹೊಸ ಮನೆ ಕಟ್ಟಿಸುವವರಿದ್ದರೆ ಟೈಲ್ಸ್ ಬಣ್ಣ ಆರಿಸುವ ಮೊದಲು ಮೇಸ್ತ್ರಿಗೆ ಎರಡು ಪ್ರಶ್ನೆ ಕೇಳಿ. ಕಿಟಕಿ, ಬಾಗಿಲ ಮೇಲೆ ಲಿಂಟಲ್ ಪಟ್ಟಿ ಮನೆಯ ನಾಲ್ಕೂ ಗೋಡೆ ಸುತ್ತ ತುಂಡಾಗದೆ ಬಂದಿದೆಯೇ? ಕಲ್ಲುಗೋಡೆಯಾದರೆ ಗೋಡೆಯ ಈ ಬದಿಯಿಂದ ಆ ಬದಿಗೆ ದಾಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಿದ್ದೀರಾ? ‘ಇದೆಲ್ಲ ಹೆಂಗಸರಿಗೆ ಏನು ತಿಳಿಯುತ್ತೆ’ ಅಂದರೆ ಕಿಲ್ಲಾರಿಯ ಹೆಣ್ಣುಮಕ್ಕಳ ಕಥೆ ಹೇಳಿ. ಅಲ್ಲಿ ಮನೆಗಳ ದುರಸ್ತಿ ನಡೆದಾಗ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆ ಹಳ್ಳಿಯ ಮಹಿಳಾ ಮಂಡಳಗಳವರನ್ನೇ ‘ಸಂವಾದ ಸಹಾಯಕ’ರನ್ನಾಗಿ ತಯಾರು ಮಾಡಿತು. ಗೋಡೆ ಹೇಗೆ ಗಟ್ಟಿಯಾಗುತ್ತದೆ ಅಂತ ಮನೆಮನೆಗೆ ತಿಳಿಸಿ, ಕೆಲಸ ಸರಿಯಾಗಿ ನಡೆದಿದೆಯೇ ಅಂತ ನಿಂತು ನೋಡಿದವರು ಅವರೇ.

ಅವತ್ತು ಸಂಜೆ ಹಿತ್ತಲ ಹುಣಸೆಮರಕ್ಕೆ ಜೋಕಾಲಿ ಕಟ್ಟಿದ್ದರು. ಓಣಿಯ ಮಕ್ಕಳೆಲ್ಲ ಉಂಡಿ ತಿನ್ನುತ್ತಾ ಸರದಿ ಕಾಯುತ್ತಿದ್ದವು. ನನ್ನ ಮಗಳು ಮಾತ್ರ ಹತ್ತಿರ ಬರಲಿಲ್ಲ. ‘ಅಲ್ಲಾಡ್ತೈತಿ’ ಅಂದಳು. ಯಾರೂ ಒತ್ತಾಯ ಮಾಡಲಿಲ್ಲ. ಅಪ್ಪ ಜೋಕಾಲಿ ನಿಲ್ಲಿಸಿ ತಾವೇ ಕೂತರು, ತೊಡೆ ತಟ್ಟಿ ತೋರಿಸಿದರು. ಬಹಳ ಹೊತ್ತಿನ ಮೇಲೆ ಹೋಗಿ ತೊಡೆಯ ಮೇಲೆ ಕೂತಳು. ಅಪ್ಪ ಅವಳಿಗೆ ಅಜ್ಜಿಯ ಲೆಕ್ಕ ಹೇಳುತ್ತಿದ್ದರು: ‘ನಿಮ್ಮ ಮನ್ಯಾಗ ಯಾರ ಕೈ ಯಾರು ಹಿಡೀಬೇಕು, ಹೇಳು ನೋಡೂಣು?’

ಈಗ ನಮ್ಮ ಮನೆಯಲ್ಲಿ ಅದು ತೀರ್ಮಾನವಾಗಿದೆ. ನಡುಗುವಾಗ ಯಾರು ಎಲ್ಲಿದ್ದೇವೋ ಅಲ್ಲೇ ಕೂತು ತಲೆ ಮುಚ್ಚಿಕೊಳ್ಳುವುದು. ನಿಂತ ಮೇಲೆ ಗ್ಯಾಸ್ ನನ್ನದು.

ನಮ್ಮ ಮನೆಯವರು ಇದ್ದರೆ ಅತ್ತೆ ಅವರ ಪಾಲಿಗೆ, ಇಲ್ಲದಿದ್ದರೆ ನನ್ನ ಪಾಲಿಗೆ. ಅಂಥ ದಿನ ಮಗಳ ಕೈ ಹಿಡಿಯಲು ಕೆಳಗಿನ ಭಾಭಿ ಮೇಲೆ ಬರುತ್ತಾರೆ. ಅವರ ಮನೆಯ ಹಿರಿಯರಿಗೆ ಏನಾದರೂ ಆದರೆ ನಾವು ಕೆಳಗೆ. ವಾಕರ್ ಮಂಚದ ಕೈಗೆ ಸಿಗುವಲ್ಲೇ ಇರುತ್ತದೆ. ಸೇರುವ ಜಾಗ ಓಣಿಯ ತುದಿಯ ಖಾಲಿ ಸೈಟು. ಅಲ್ಲಿ ತಲೆ ಎಣಿಸುವ ಕೆಲಸ ಮಗಳು ತಾನಾಗಿ ಕೇಳಿ ತೆಗೆದುಕೊಂಡಿದ್ದಾಳೆ.

ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ನೀವೂ ಈ ಮಾತು ತೆಗೆಯಿರಿ. ಟಿ.ವಿ. ಐದು ನಿಮಿಷ ಬಂದ್ ಇರಲಿ. ಹೆಸರು ಹಿಡಿದು ಹಂಚಿ.

ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ

* ನಡುಗುವಾಗ ಓಡಬೇಡಿ. ಕೂರಿ, ಮರೆಯಾಗಿ, ಹಿಡಿದುಕೊಳ್ಳಿ.

* ನಿಂತ ಮೇಲೆ: ಚಪ್ಪಲಿ, ಗ್ಯಾಸ್, ಹಿರಿಯರು, ಮಕ್ಕಳು. ಯಾರಿಗೆ ಯಾರು ಎಂದು ಹೆಸರು ಬರೆಯಿರಿ.

* ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಕಿಟಕಿ ತೆರೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

* ಒಂದು ಚೀಲದಲ್ಲಿ ಸದಾ ಸಿದ್ಧವಿರಲಿ: ಟಾರ್ಚ್, ನೀರಿನ ಬಾಟಲಿ, ಹಿರಿಯರ ಮಾತ್ರೆ ಮತ್ತು ಚೀಟಿ, ಕನ್ನಡಕ, ಸೀಟಿ, ಸ್ವಲ್ಪ ನಗದು, ಆಧಾರ್ ಮತ್ತು ರೇಷನ್ ಕಾರ್ಡಿನ ಝೆರಾಕ್ಸ್, ಮುಖ್ಯವಾದ ಫೋನ್ ನಂಬರ್ ಬರೆದ ಹಾಳೆ.

* ಮನೆಯವರೆಲ್ಲ ಸೇರುವ ಬಯಲು ಜಾಗ: ____________

* ತಲೆ ಎಣಿಸುವವರು: ____________